ನನ್ನ ಇಟಲಿಗೆ ಅವಳು ಹೋಗಿ ಬಂದದ್ದು

ಹೊಟ್ಟೆಕಿಚ್ಚು ನನಗೆ ಹೊಸತಲ್ಲ. ತಂಗಿಯ ಮದುವೆಯ ಸೀರೆ ನೋಡಿ ಪಟ್ಟಿದ್ದೇನೆ. ಇಲ್ಲಿ ಸೌದಿಯ ರಾಸ್ ತನೂರಾದಲ್ಲಿ ಸಮುದ್ರ ಕಾಣುವ ಬಾಲ್ಕನಿ ಇರುವವರನ್ನೆಲ್ಲ ನೋಡಿ ಪಟ್ಟಿದ್ದೇನೆ. ಅವೆಲ್ಲ ಎರಡು ದಿನ ಉರಿದು ತಾವಾಗಿಯೇ ಆರಿಹೋಗುವಂಥವು. ಆದರೆ ನಮ್ಮ ಮೇಲಿನ ಮನೆಯ ಮೈಸೂರಿನವಳು ಕ್ರಿಸ್ಮಸ್ಸಿಗೆ ಇಟಲಿಗೆ ಹೋದಾಗ ಪಟ್ಟದ್ದು ಬೇರೆಯೇ ಜಾತಿಯದು. ಯಾಕೆಂದರೆ ಆ ಇಟಲಿ ನನ್ನದು.

ನನ್ನ ಗಂಡ ಇಲ್ಲಿನ ರಿಫೈನರಿಯ ಕೆಲಸ ಹಿಡಿದಿರುವ ಒಂದು ಗುತ್ತಿಗೆ ಕಂಪನಿಯಲ್ಲಿ ಸೂಪರ್‌ವೈಸರ್. ನಾವು ಮಂಗಳೂರು ಕಡೆಯ ಕ್ರೈಸ್ತರು. ಮದುವೆಯಾಗಿ ಬಂದ ವರ್ಷದಿಂದಲೂ ಇಲ್ಲಿನ ನಮ್ಮವರಿಗೆ ಕ್ರಿಸ್ಮಸ್ ಎಂದರೆ ನಮ್ಮ ಫ್ಲ್ಯಾಟು. ಹಾಲಿನ ಮೂಲೆಯಲ್ಲಿ ಬೊಂಬೆಗಳನ್ನಿಟ್ಟು ಬಾಲಯೇಸುವಿನ ಗೋದಲಿ ಕಟ್ಟುವವಳು ನಾನು. ವಾರಗಟ್ಟಲೆ ಒಲೆಯ ಮುಂದೆ ನಿಂತು ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಎಂದು ಕುಸ್ವಾರಿನ ತಿಂಡಿಯೆಲ್ಲ ಮಾಡುವವಳು ನಾನು. ಹಬ್ಬದ ಹಿಂದಿನ ಸಂಜೆ ಹೊರಗಿನವರಿಗೆ ಕಾಣದಂತೆ ಪರದೆ ಎಳೆದು, ಪ್ರಾರ್ಥನೆ ಮುಗಿಸಿ, ಬಂದವರಿಗೆಲ್ಲ ಇಡ್ಲಿಯಂಥ ಸನ್ನ ಮತ್ತು ಕೋಳಿ ಸಾರು ಬಡಿಸುವವಳೂ ನಾನೇ. "ನಿಮ್ಮಲ್ಲಿಗೆ ಬಂದರೇ ನಮಗೆ ಹಬ್ಬ" ಎನ್ನುತ್ತಾರೆ. ಅನ್ನದೆ ಏನು ಮಾಡುತ್ತಾರೆ? ಬರುತ್ತಾರೆ, ಕೂರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ನಾನು ಕೂತು ಉಂಡ ಕ್ರಿಸ್ಮಸ್ ಒಂದೂ ನೆನಪಿಲ್ಲ.

ಹಾಗಾಗಿ ನನಗೊಂದು ಆಸೆ ಹುಟ್ಟಿತು. ಒಂದೇ ಒಂದು ಕ್ರಿಸ್ಮಸ್ಸಿಗೆ ನಾನು ಅತಿಥಿಯಾಗಬೇಕು. ಬೇರೆ ಯಾರೋ ಮಾಡಿಟ್ಟ ಹಬ್ಬಕ್ಕೆ ಒಳ್ಳೆಯ ಕೋಟು ಹಾಕಿಕೊಂಡು ಹೋಗಿ, ನೋಡಿ, ತಿಂದು, ಕೈ ಬೀಸಿಕೊಂಡು ಬರಬೇಕು. ಅದು ಇಟಲಿಯೇ ಆಗಬೇಕು. ಗೋದಲಿ ಕಟ್ಟುವ ಪದ್ಧತಿ ಶುರುವಾದದ್ದು ಅಲ್ಲಿ ಎಂದು ಶಾಲೆಯಲ್ಲಿ ಸಿಸ್ಟರ್ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು.

ಫೋನಿನಲ್ಲಿ ನೋಡಿ ನೋಡಿ ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ನೇಪಲ್ಸಿನಲ್ಲಿ ಗೋದಲಿಯ ಬೊಂಬೆ ಮಾಡುವವರದೇ ಒಂದು ಓಣಿ ಇದೆ. ಅಲ್ಲಿ ಕುರುಬರ ಪಕ್ಕದಲ್ಲಿ ಪಿಜ್ಜಾ ಸುಡುವವನನ್ನೂ ಮೀನು ಮಾರುವವಳನ್ನೂ ನಿಲ್ಲಿಸುತ್ತಾರೆ. ಕುರಿತುಪ್ಪಳದ ಅಂಗಿ ತೊಟ್ಟವರು ಬೆಟ್ಟದಿಂದ ಇಳಿದು ಬಂದು, ಚರ್ಮದ ಚೀಲಕ್ಕೆ ಗಾಳಿ ತುಂಬಿ ಬೀದಿಯಲ್ಲಿ ವಾದ್ಯ ಊದುತ್ತಾರೆ. ಹಬ್ಬದ ಹಿಂದಿನ ರಾತ್ರಿ ಮಾಂಸವಿಲ್ಲ, ಮೀನೇ ಮೀನು. ಜನವರಿ ಮೊದಲಲ್ಲಿ ಬರುವ ಮೂರು ರಾಯರ ಹಬ್ಬಕ್ಕೆ ಪೊರಕೆಯ ಮೇಲೆ ಕೂತ ಮುದುಕಿಯೊಬ್ಬಳು ಬಂದು ಮಕ್ಕಳ ಕಾಲುಚೀಲದಲ್ಲಿ ಮಿಠಾಯಿ ತುಂಬುತ್ತಾಳೆ, ತಂಟೆ ಮಾಡಿದವರಿಗೆ ಇದ್ದಿಲು. ನಮ್ಮ ಮಂಗಳೂರಿನ ಬಸ್ ರೂಟು ಮರೆತಿರಬಹುದು, ನೇಪಲ್ಸಿನದು ಮರೆತಿರಲಿಲ್ಲ.

ಇದನ್ನೆಲ್ಲ ಯಾರಿಗೆ ಹೇಳಿದೆ? ಅವಳಿಗೇ. ಅವಳ ಗಂಡ ಅದೇ ಕಂಪನಿಯ ಅಕೌಂಟ್ಸಿನಲ್ಲಿದ್ದಾನೆ. ನನಗಿಂತ ಸಣ್ಣವಳು, ಮೊಟ್ಟೆಯನ್ನೂ ಮುಟ್ಟದವಳು. ಸಂಜೆ ಚಹಾಕ್ಕೆ ಕೆಳಗಿಳಿದು ಬಂದಾಗ ನಾನು ಫೋನು ಹಿಡಿದು ಅವಳಿಗೆ ಇಟಲಿ ತೋರಿಸುತ್ತಿದ್ದೆ. ಒಂದು ದಿನ "ಅಕ್ಕ, ನಾವೂ ಬರ್ತೀವಿ ಕಣ್ರೀ ನಿಮ್ಜೊತೆ" ಎಂದಳು. ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ? ಎರಡೂ ಮನೆಯವರು ಒಟ್ಟಿಗೆ ಖೋಬರ್‌ನ ವೀಸಾ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟೆವು, ಪಾಸ್‌ಪೋರ್ಟಿಗೆ ವೀಸಾ ಅಂಟಿಸಿಕೊಂಡು ಬಂದೆವು. ನಾನು ಉಣ್ಣೆಯ ಕೋಟು ತೆಗೆದುಕೊಂಡೆ. ಈ ಊರಿನಲ್ಲಿ ಅದನ್ನು ಹಾಕಿಕೊಳ್ಳುವ ಚಳಿ ಎಂದೂ ಬಿದ್ದಿಲ್ಲ.

ಆಮೇಲೆ ರಿಫೈನರಿಯ ಒಂದು ಯೂನಿಟ್ಟಿನ ಶಟ್‌ಡೌನ್ ಡಿಸೆಂಬರ್‌ಗೆ ಬಂತು. ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಆ ದಿನಗಳಲ್ಲಿ ಸೂಪರ್‌ವೈಸರುಗಳಿಗೆ ರಜೆ ಇಲ್ಲ. ಅಕೌಂಟ್ಸಿನವರಿಗೆ ಏನೂ ಅಡ್ಡಿಯಿಲ್ಲ.

"ನೀನು ಹೋಗು ಬೇಕಾದರೆ" ಎಂದರು ನನ್ನ ಗಂಡ. ಆ 'ಬೇಕಾದರೆ' ಇದೆಯಲ್ಲ, ಅದರಲ್ಲಿ ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದ ಗಂಡಸು ಫ್ರಿಜ್ಜಿನ ಬಾಗಿಲು ತೆಗೆದು ಸುಮ್ಮನೆ ನಿಂತಿರುವುದೂ ಸೇರಿತ್ತು. ಮೇಲೆ, "ಈ ಸಲದ ಕ್ರಿಸ್ಮಸ್ಸಿಗೆ ಜನ ಎಲ್ಲಿ ಸೇರುದು ಮತ್ತೆ?" ಎಂದೂ ಕೇಳಿದರು. ನಾನು ಹೋಗಲಿಲ್ಲ. ಬರುವ ಜೂನ್‌ಗೆ ಅವರಿಗೆ ನಿವೃತ್ತಿಯ ವಯಸ್ಸು ತುಂಬುತ್ತದೆ, ಫೈನಲ್ ಎಕ್ಸಿಟ್, ಇಲ್ಲಿರಲು ಕೊಟ್ಟ ಇಕಾಮಾ ಕಾರ್ಡು ವಾಪಸು ಕೊಟ್ಟು ಊರಿಗೆ. ಊರು ಸೇರಿದ ಮೇಲೆ ನಮ್ಮನ್ನು ಇಟಲಿಗೆ ಯಾರು ಕಳಿಸುತ್ತಾರೆ? ಈ ಡಿಸೆಂಬರ್ ತಪ್ಪಿತೆಂದರೆ ತಪ್ಪಿತು.

ಅವಳು ಮೆಟ್ಟಿಲ ಮೇಲೆ ನಿಂತು ಕೇಳಿದಳು. "ಅಕ್ಕ, ನಾವು ಹೋಗ್ಬರ್ಲಾ? ಬೇಜಾರಿಲ್ಲ ತಾನೆ?"

"ಹೋಗು ಮಾರಾಯ್ತಿ, ನನಗೆಂತ ಬೇಜಾರು?" ಎಂದೆ. ದವಡೆ ನೋಯುವಷ್ಟು ನಕ್ಕೆ. ಹೋಗುವ ದಿನ ಒಂದು ಡಬ್ಬಿ ಕುಸ್ವಾರನ್ನೂ ಕೊಟ್ಟೆ. ಹಬ್ಬದ ಹೊತ್ತಿಗೆ ದೂರ ಹೊರಟವರನ್ನು ಬರಿಗೈಯಲ್ಲಿ ಕಳಿಸುವ ಕ್ರಮ ನಮ್ಮಲ್ಲಿಲ್ಲ, ಹೊಟ್ಟೆ ಎಷ್ಟೇ ಉರಿಯಲಿ.

ಆಮೇಲೆ ಶುರುವಾಯಿತು ನೋಡಿ ಫೋಟೋಗಳ ಮಳೆ. ಬೊಂಬೆಗಳ ಓಣಿಯಲ್ಲಿ ಅವಳು. ವಾದ್ಯ ಊದುವ ಕುರುಬನ ಹೆಗಲಿಗೆ ಹೆಗಲು ತಾಗಿಸಿ ಅವಳು. ಗೋಪುರದಷ್ಟು ಎತ್ತರದ ಪನೆಟೋನೆ ಕೇಕಿನ ರಾಶಿಯ ಮುಂದೆ ಅವಳು, 'ಅಕ್ಕ ಇದ್ರಲ್ಲಿ ಮೊಟ್ಟೆ ಇದ್ಯಂತೆ, ಬರೀ ನೋಡಿದ್ವಿ' ಎಂಬ ಸಾಲಿನೊಡನೆ. ಅಯ್ಯೋ ದೇವರೇ, ತಿನ್ನದವಳನ್ನು ತಿನ್ನುವ ಊರಿಗೆ ಕಳಿಸಿ, ತಿನ್ನುವವಳನ್ನು ಇಲ್ಲಿ ಬಾಣಲೆಯ ಮುಂದೆ ನಿಲ್ಲಿಸಿದ್ದೀಯಲ್ಲ! ಪ್ರತಿ ಫೋಟೋಕ್ಕೂ ನಾನು ಒಂದು ಹೃದಯ ಒತ್ತುತ್ತಿದ್ದೆ. ಒತ್ತಿ ಫೋನನ್ನು ಬೋರಲು ಹಾಕುತ್ತಿದ್ದೆ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಮಾತ್ರ ಒಂದು ಫೋಟೋವೂ ಬರಲಿಲ್ಲ. ಫೋಟೋ ತೆಗೆಯಲೂ ಪುರುಸೊತ್ತಿಲ್ಲದಷ್ಟು ಸಂಭ್ರಮವೇನೋ ಎಂದುಕೊಂಡೆ. ಅದು ಎಲ್ಲಕ್ಕಿಂತ ಜಾಸ್ತಿ ಸುಟ್ಟಿತು. ಅವತ್ತು ನನ್ನ ಸಾರಿಗೆ ಉಪ್ಪು ಹೆಚ್ಚಾದದ್ದು ಯಾರಿಗೂ ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಹೇಳಲಿಲ್ಲ.

ಅವರು ಮರಳಿ ಬಂದ ಮೇಲಿನ ಶುಕ್ರವಾರ ನಾವು ಮೂರು ರಾಯರ ಹಬ್ಬದ ಊಟ ಇಟ್ಟುಕೊಂಡೆವು. ಎಲ್ಲಿ? ನಮ್ಮಲ್ಲೇ, ಮತ್ತೆಲ್ಲಿ! ಗೋದಲಿ ಬಿಚ್ಚುವ ಮೊದಲು ಕೊನೆಯ ಊಟ. ಮೂರು ಸಂಸಾರ ಬಂದಿತ್ತು. ಮೈಸೂರಿನವಳು ತನ್ನ ಪಾಲಿನ ಗೊಜ್ಜು ತಂದಿದ್ದಳು, ಮಕ್ಕಳಿಗೆ ಇದ್ದಿಲಿನ ಹಾಗೆಯೇ ಕಾಣುವ ಕಪ್ಪು ಸಕ್ಕರೆ ಮಿಠಾಯಿ ತಂದಿದ್ದಳು. ಎಲ್ಲರೂ ಸುತ್ತ ಕೂತು "ಹೇಳಿ ಹೇಳಿ" ಎಂದರು. ನಾನು ಸನ್ನದ ಪಾತ್ರೆ ಒಲೆಯಿಂದ ಇಳಿಸಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ.

"ಕ್ರಿಸ್ಮಸ್ ಹಿಂದಿನ್ ಸಂಜೆ ನಮ್ಗೆ ಒಳ್ಳೆ ಪಜೀತಿ ಅಕ್ಕ" ಎಂದು ಅವಳು ಶುರು ಮಾಡಿದಳು. ಸೌದಿಯಲ್ಲಿ ನಮಗೆಲ್ಲ ಒಂದು ರೂಢಿ. ರಜೆಯ ದಿನ ಮಧ್ಯಾಹ್ನ ಉಂಡು ಮಲಗುವುದು, ರಾತ್ರಿಯ ಇಶಾ ನಮಾಜು ಮುಗಿದ ಮೇಲೆ ಹೊರಗೆ ಹೊರಡುವುದು. ಇಲ್ಲಿ ಅಂಗಡಿಗಳಿಗೆ ಜೀವ ಬರುವುದೇ ಆಗ. ಅವರು ಅಲ್ಲಿಯೂ ಹಾಗೇ ಮಾಡಿದ್ದಾರೆ! ಸೊಂಪಾಗಿ ನಿದ್ದೆ ಹೊಡೆದು, ಕತ್ತಲಾದ ಮೇಲೆ ಅಲಂಕಾರ ಮಾಡಿಕೊಂಡು ಊಟಕ್ಕೆ ಇಳಿದರೆ, ನೇಪಲ್ಸಿನ ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಹಬ್ಬದ ಹಿಂದಿನ ಸಂಜೆ ಅಲ್ಲಿ ಎಲ್ಲರೂ ಅಂಗಡಿ ಮುಚ್ಚಿ ಮನೆ ಸೇರಿರುತ್ತಾರೆ. ಇವರು ಓಣಿ ಓಣಿ ಅಲೆದು, ಹಸಿದು, ಬಾಡಿಗೆ ಹಿಡಿದಿದ್ದ ಮನೆಗೆ ವಾಪಸು ಬಂದರಂತೆ.

ಒಪ್ಪಿಕೊಳ್ಳುತ್ತೇನೆ, ಒಳಗೊಳಗೇ ತಂಪಾಯಿತು. ಎಷ್ಟು ಹೊತ್ತು? ಅವಳು ಮುಂದಿನ ಮಾತು ಆಡುವವರೆಗೆ.

ಕೆಳಗಿನ ಮನೆಯಲ್ಲಿದ್ದ ಮಾಲಕಿ ಅಜ್ಜಿ ಮೆಟ್ಟಿಲಲ್ಲಿ ಇವರ ಮುಖ ನೋಡಿದ್ದೇ ಕೈ ಹಿಡಿದು ಒಳಗೆಳೆದುಕೊಂಡಳಂತೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಇವಳು ನನ್ನ ಡಬ್ಬಿ ಕೊಟ್ಟಳಂತೆ. ನನ್ನ ನೆವ್ರಿ ಗೋದಲಿಯ ಪಕ್ಕದ ಮೇಜಿನಲ್ಲಿ, ಬೆಳ್ಳಿಯ ತಟ್ಟೆಯಲ್ಲಿ! ಮಕ್ಕಳು ಮೊಮ್ಮಕ್ಕಳೆಲ್ಲ ಕೂತು ನಮ್ಮ ಹೌಸಿಯಂಥದೇ ಆಟ ಆಡಿದರಂತೆ, ನಂಬರಿನ ಮೇಲೆ ಒಣ ಬೀನ್ಸ್ ಇಟ್ಟು. ನಡುರಾತ್ರಿ ಮನೆಯ ಸಣ್ಣ ಮಗು ಬಾಲಯೇಸುವನ್ನು ಎತ್ತಿ ತಂದು ಗೋದಲಿಯಲ್ಲಿ ಮಲಗಿಸಿತಂತೆ.

"ಊಟಕ್ಕೆ ಎಂತ ಇತ್ತು?" ನಾನು ಬಾಗಿಲಿನಿಂದಲೇ ಕೇಳಿದೆ.

"ಅಯ್ಯೋ, ಎಲ್ಲಾ ಮೀನು. ಹಾವಿನ ಥರದ್ದೊಂದು ಮೀನು, ಕರಿದಿದ್ದು. ಚಿಪ್ಪು ಚಿಪ್ಪಾಗಿ ಏನೋ ಹಾಕಿದ್ ಶ್ಯಾವಿಗೆ. ನಾನು ಹೂಕೋಸು, ಬ್ರೆಡ್ಡು ತಿಂದೆ."

ಆ ಚಿಪ್ಪಿನದು ಮರುವಾಯಿ! ಮರುವಾಯಿ ಹಾಕಿದ ಸ್ಪಗೆಟ್ಟಿ ಎದುರಿಗಿದ್ದು ಇವಳು ಹೂಕೋಸು ತಿಂದಳು! ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆದ್ರೆ ಅಕ್ಕ, ತಟ್ಟೆ ಎತ್ತೋಕೆ ಎದ್ರೆ ಆ ಅಜ್ಜಿ ಬಿಡ್ಲೇ ಇಲ್ಲ. ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತ್ಬಿಟ್ರು. ಕೂತ್ಕೋ ಅಂತ ಕೈಸನ್ನೆ. ಅವತ್ತು ನಾನು ಒಂದು ಲೋಟನೂ ತೊಳೀಲಿಲ್ಲ ಗೊತ್ತಾ?"

ಮೀನು ಹೋಗಲಿ, ಬೊಂಬೆ ಹೋಗಲಿ, ಇದು ನನಗೆ ತಡೆಯಲಿಕ್ಕಾಗಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಜೋರಾಗಿ ನಕ್ಕು, "ನೋಡಿದ್ಯಾ, ನಾವು ಹೋಗದ್ದು ಒಳ್ಳೇದೇ ಆಯ್ತು, ಬೀದಿ ಬೀದಿ ಅಲೆಯುವ ಕೆಲಸ. ಬರುವ ಕ್ರಿಸ್ಮಸ್ಸಿಗೆ ಊರಲ್ಲೇ ಇರ್ತೇವೆ. ಅಕ್ಕಂದಿರು, ತಮ್ಮಂದಿರು, ಎಲ್ಲರನ್ನೂ ಮನೆಗೆ ಕರೆಯುವ!" ಎಂದರು.

ಎಲ್ಲರನ್ನೂ!

ನಾನು ಬಂದು ಮೇಜಿನ ಎದುರು ಕುರ್ಚಿ ಎಳೆದು ಕೂತೆ. "ನನಗೆ ಹೊಟ್ಟೆಕಿಚ್ಚು ಆಗ್ತಾ ಉಂಟು" ಎಂದೆ. ಎಲ್ಲರೂ ನಕ್ಕರು. "ತಮಾಷೆ ಅಲ್ಲ. ಇವಳು ಹೋದದ್ದಕ್ಕೆ ಅಲ್ಲ. ಇವಳನ್ನು ಒಬ್ಬರು ಕೂರಿಸಿ ಬಡಿಸಿದ್ದಕ್ಕೆ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೂರಿಸಲಿಲ್ಲ. ಇವತ್ತು ನಾನೇ ಕೂತಿದ್ದೇನೆ. ಯಾರು ಬೇಕಾದರೂ ಬಡಿಸಿ."

ನಗು ನಿಂತಿತು. ಯಾರೂ ಏಳಲಿಲ್ಲ. ಕೊನೆಗೆ ನನ್ನ ಗಂಡ ಕೆಮ್ಮಿ ಎದ್ದು ಒಳಗೆ ಹೋದರು. ಡಬ್ಬಿಗಳು ಬಿದ್ದ ಸದ್ದು ಕೇಳಿತು.

"ಸೌಟು ಎಲ್ಲುಂಟು?"

"ಹುಡುಕಿ" ಎಂದೆ.

ಮೈಸೂರಿನವಳೂ ಎದ್ದು ಹೋದಳು. ಕೋಳಿಯ ಪಾತ್ರೆಯನ್ನು ನನ್ನ ಗಂಡ ಹಿಡಿದರು, ಸನ್ನದ ತಟ್ಟೆಯನ್ನು ಅವಳು. ಬರುವಷ್ಟರಲ್ಲಿ ಸನ್ನ ಆರಿತ್ತು, ಸಾರನ್ನು ಬಿಸಿ ಮಾಡಬೇಕೆಂದು ಅವರಿಗೆ ಹೊಳೆದಿರಲಿಲ್ಲ. ನಾನು ಹಾಗೆಯೇ ತಿಂದೆ. ಅವಳ ಮೇಲಿನ ಹೊಟ್ಟೆಕಿಚ್ಚು ಒಂದು ಚೂರೂ ಕಡಿಮೆಯಾಗಿರಲಿಲ್ಲ.

"ಇನ್ನೊಂದು ಹಾಕ್ಲಾ ಅಕ್ಕ?" ಎಂದು ಅವಳು ಮೆಲ್ಲಗೆ ಕೇಳಿದಳು. ನನಗೆ ಆಗಲೇ ಸಾಕಾಗಿತ್ತು. ಹೀಗೆ ಕೇಳಿ ಬಡಿಸುವವರು ನನಗೆ ಇನ್ನು ಯಾವಾಗ ಸಿಗುತ್ತಾರೆ?

"ಹಾಕು" ಎಂದೆ.