ಹೆಗ್ಗಣ ತಿಂದ ಡೇಲಿಯಾ

ಈ ಸಲದ ಶಿವರಾತ್ರಿಯ ಬೆಳಿಗ್ಗೆ ಪಕ್ಕದ ಮನೆಯಿಂದ ಗೆಣಸು ಬೇಯುವ ವಾಸನೆ ಬಂತು. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಮೈ ಬೆವರಿತು. ಇಪ್ಪತ್ತು ವರ್ಷದಿಂದ ಹೀಗೇ.

ಆಗ ನಾನು ಜಕ್ಕೂರಿನ ಹಳೇ ಬಂಗಲೆಯೊಂದರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಂಗಲೆಯ ತೋಟ ಕೆರೆಯ ಕಡೆಗೆ ಐದು ಹಂತಗಳಲ್ಲಿ ಇಳಿಯುತ್ತಿತ್ತು, ಪ್ರತಿ ಹಂತಕ್ಕೂ ಕಲ್ಲಿನ ಕಟ್ಟೆ. ಯಜಮಾನರ ಮುತ್ತಾತ ಕಟ್ಟಿಸಿದ್ದಂತೆ. ಮಳೆಗಾಲಕ್ಕೆ ಕರ್ಣಕುಂಡಲ, ದಸರೆಗೆ ಚೆಂಡುಹೂ, ಚಳಿಗೆ ಮೂರನೇ ಹಂತದಲ್ಲಿ ಕಡುಕೆಂಪು ಡೇಲಿಯಾ. ಅದೂ ಮುತ್ತಾತನ ಕಾಲದ ತಳಿಯೇ. ಹೂ ಮುಗಿದ ಮೇಲೆ ಗೆಡ್ಡೆ ಕಿತ್ತು, ಒಣಗಿಸಿ, ಮರಳಲ್ಲಿ ಹೂತಿಟ್ಟು ಮುಂದಿನ ಮಳೆಗೆ ನೆಡಬೇಕು. ಇದೆಲ್ಲ ಈಗ ಗೊತ್ತು. ಆಗ ಗೊತ್ತಿದ್ದದ್ದು ಅನ್ನ ಮಾಡುವುದೊಂದೇ, ಅದೂ ತಳ ಹಿಡಿಸಿ.

ಆ ವರ್ಷದ ಶಿವರಾತ್ರಿಗೆ ನನ್ನ ಬಾಗಿಲ ಪಕ್ಕ ಗೋಣಿಚೀಲದ ಮೇಲೆ ಗೆಡ್ಡೆಗಳ ರಾಶಿ. ತೋಟ ನೋಡಿಕೊಳ್ಳುತ್ತಿದ್ದ ಪಕ್ಕದ ಕೋಗಿಲು ಊರಿನ ಮುನಿಯಮ್ಮ ಆಗಾಗ ನನಗೆ ಸೊಪ್ಪು ಇಟ್ಟುಹೋಗುತ್ತಿದ್ದರು. ಪಾಪ, ಉಪವಾಸಕ್ಕೆ ಗೆಣಸು ಕೊಟ್ಟಿದ್ದಾರೆ ಎಂದುಕೊಂಡು ಅಷ್ಟನ್ನೂ ಬೇಯಿಸಿ ಸಿಪ್ಪೆ ಸುಲಿದೆ. ಸಿಹಿಯಿಲ್ಲ, ಬರೀ ನಾರು. ಶಿವನ ಮೇಲೆ ಭಾರ ಹಾಕಿ ಎರಡು ನುಂಗಿದೆ, ಉಳಿದದ್ದನ್ನು ಎಸೆದೆ.

ಸಂಜೆ ಮುನಿಯಮ್ಮ ಬಂದು "ಡೇಲಿಯಾ ಗೆಡ್ಡೆ ಎಲ್ಲಿ ಸ್ವಾಮಿ?" ಎಂದಾಗಲೇ ನಾನು ಬೇಯಿಸಿದ್ದು ಏನೆಂದು ಗೊತ್ತಾದದ್ದು.

"ಹೆಗ್ಗಣ ತಿಂದಿರ್ಬೇಕು" ಎಂದೆ.

ಆಕೆ ಖಾಲಿ ಗೋಣಿಚೀಲ ಕೊಡವಿ ಮಡಚಿಕೊಂಡು ಹೋದರು. ತಳಿಯೇ ಹೋಯಿತೆಂದು ಯಜಮಾನರು ಆಕೆಯನ್ನು ಕೆಲಸದಿಂದ ಬಿಡಿಸಿದರೆ? ಕೇಳುವ ಧೈರ್ಯವಿಲ್ಲದೆ ಅದೇ ತಿಂಗಳು ಕೋಣೆ ಖಾಲಿ ಮಾಡಿ ಜಾಲಹಳ್ಳಿ ಸೇರಿದೆ. ಮತ್ತೆ ಜಕ್ಕೂರಿನ ಕಡೆ ತಲೆ ಹಾಕಲಿಲ್ಲ.

ಈ ಸಲ ಮಾತ್ರ ತಡೆಯಲಾಗದೆ ಬಸ್ಸು ಹತ್ತಿದೆ. ಬಂಗಲೆಯ ಗೇಟು ತೆರೆದೇ ಇತ್ತು. ಮೂರನೇ ಹಂತದಲ್ಲಿ ಅದೇ ಕಡುಕೆಂಪು, ಕೊನೆಯ ನಾಲ್ಕು ಹೂ! ತಲೆಯೆಲ್ಲ ನರೆತ ಮುನಿಯಮ್ಮ ಕಟ್ಟೆಯ ಮೇಲೆ ಕೂತು ಗೆಡ್ಡೆಯ ಮಣ್ಣು ಕೊಡವುತ್ತಿದ್ದರು. ನಿಂತ ನಿಲುವಿನಲ್ಲೇ ತಪ್ಪೊಪ್ಪಿಕೊಂಡೆ.

"ಗೊತ್ತಿತ್ತು ಬುಡಿ ಸ್ವಾಮಿ. ಎಗ್ಗಣ ಎಲ್ಲಾದ್ರೂ ಬೇಯ್ಸಿ ಸಿಪ್ಪೆ ಸುಲೀತದಾ? ನಿಮ್ ಬಾಗ್ಲಲ್ಲೇ ಬಿದ್ದಿತ್ತು."

"ಮತ್ತೆ ಈ ಹೂ?"

"ಪ್ರತಿ ವರ್ಸ ಅರ್ಧ ಗೆಡ್ಡೆ ನಮ್ಮನೇಲಿ ಮಡಗ್ತೀನಿ. ಬಿತ್ತನೇನೆಲ್ಲಾ ಒಂದೇ ಕಡೆ ಮಡಗ್ತಾರಾ? ಯಜಮಾನ್ರಿಗೆ ನಾನೂ ಎಗ್ಗಣ ಅಂತ್ಲೇ ಏಳ್ದೆ."

ಉಸ್ಸೆಂದು ಕಟ್ಟೆಯ ಮೇಲೆ ಕೂತೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಹೊರಡುವಾಗ ಚೀಲಕ್ಕೆ ಅರ್ಧ ಗೆಡ್ಡೆ ತುಂಬಿ ನನ್ನ ಕೈಗಿತ್ತರು. "ಕೋಗಿಲಿನ ನಮ್ಮನೆ ಕೆಡವಿ ಕಟ್ತಾವ್ರೆ, ಅಲ್ಲಿ ಜಾಗ ಇಲ್ಲ. ಈ ವರ್ಸ ಇವು ನಿಮ್ಮನೇಲಿರ್ಲಿ."

ಮನೆಗೆ ಬಂದವನೇ ಮಡಕೆಗೆ ಮರಳು ತುಂಬಿ ಗೆಡ್ಡೆಗಳನ್ನು ಹೂತಿಟ್ಟೆ. ಆಮೇಲೆ, ಪಕ್ಕದ ಮನೆಯವರು ಕಳಿಸಿದ್ದ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ಇದು ಗೆಣಸೇ ಹೌದೆಂದು ಎರಡು ಸಲ ನೋಡಿ, ಇಪ್ಪತ್ತು ವರ್ಷದ ಮೇಲೆ ಒಂದು ತುಂಡು ಬಾಯಿಗಿಟ್ಟೆ. ಸಿಹಿಯಾಗಿತ್ತು.