ಉಪ್ಪುನೀರಿನ ಮೇಲಿನ ಬಿಳಿ ಪೊರೆ

ಉಪ್ಪಿನಲ್ಲಿ ಯಾವ ಜೀವವೂ ಉಳಿಯುವುದಿಲ್ಲ, ಅದಕ್ಕೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಕೆಡುವುದಿಲ್ಲ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಾದರೆ ಗುತ್ತಿಗಾರಿನ ನನ್ನ ದೊಡ್ಡಮ್ಮನ ಭರಣಿಯಲ್ಲಿ, ಉಪ್ಪುನೀರಿನ ಮೇಲೆ, ದಿನದಿಂದ ದಿನಕ್ಕೆ ಹರಡುತ್ತಿದ್ದ ಬಿಳಿ ಪೊರೆ ಏನು? ಸತ್ತದ್ದು ಹರಡುತ್ತದೆಯೇ? ಮನೆಯವರೆಲ್ಲ "ಹಾಳಾಯ್ತು, ಚೆಲ್ಲಿ" ಅಂದಿದ್ದರು. ದೊಡ್ಡಮ್ಮ ಒಪ್ಪಿರಲಿಲ್ಲ. ಆ ಹಲಸಿನ ಮರವನ್ನು ಬೇಸಗೆಯಲ್ಲಿ ಆನೆ ದೂಡಿ ಹಾಕಿತ್ತು. ಅದರ ಕೊನೆಯ ಕಾಯಿಗಳ ಸೊಳೆ ಈ ಭರಣಿಯಲ್ಲಿತ್ತು.

ಪೊರೆ ಏನೆಂದು ನೋಡಲು ಪುತ್ತೂರಿನಿಂದ ಬೆಳಗ್ಗಿನ ಸರಕಾರಿ ಬಸ್ಸು ಹಿಡಿದೆ. ಹೆಂಗಸರಿಗೆ ಟಿಕೆಟು ಸೊನ್ನೆ. ಕಾಲೇಜಿನಿಂದ ಕೇಳಿ ತಂದ ಮೈಕ್ರೋಸ್ಕೋಪಿನ ಮರದ ಪೆಟ್ಟಿಗೆ ಮಡಿಲಲ್ಲಿತ್ತು.

"ಎಂತ ಮಾರಾಯ್ರೆ, ಹಾರ್ಮೋನಿಯಮಾ?" ಎಂದ ಕಂಡಕ್ಟರ್.

ಅಲ್ಲವೆಂದೆ.

"ಹಾಗಾದ್ರೆ ಲಗೇಜು ಹಾಕ್ಬೇಕಾಗ್ತದೆ. ಭಜನೆಗೆ ಆದ್ರೆ ಬಿಡ್ತಿದ್ದೆ."

ಜಾಲ್ಸೂರು ದಾಟಿ ಸುಳ್ಯದಲ್ಲಿ ಇಳಿದು, ಬನ್ಸ್ ತಿಂದು, ಇನ್ನೊಂದು ಬಸ್ಸು ಹತ್ತಿದೆ. ಗುತ್ತಿಗಾರು ತಲುಪುವಾಗ ಒಳ್ಳೆಯ ಬೆಳಕಿತ್ತು.

ಜಗಲಿಯಲ್ಲಿ ಕೂತು ಪೊರೆಯ ಚೂರೊಂದನ್ನು ಗಾಜಿನ ಮೇಲೆ ಹರಡಿ, ಮೈಕ್ರೋಸ್ಕೋಪಿನ ಅಡಿಯ ಕನ್ನಡಿಯನ್ನು ಆಕಾಶದ ಬೆಳಕಿಗೆ ತಿರುಗಿಸಿದೆ. ಯೀಸ್ಟ್! ಮೊಟ್ಟೆಯಾಕಾರದ ಜೀವಕೋಶಗಳು ಕಿಕ್ಕಿರಿದಿದ್ದವು. ಕೆಲವುಗಳ ಬದಿಯಲ್ಲಿ ಮರಿ ಮೊಗ್ಗು. ಒಳಗೊಂದು ದುಂಡು ಕೋಣೆ, ಅದರಲ್ಲಿ ನಿಲ್ಲದೆ ನಡುಗುವ ಒಂದು ಚುಕ್ಕೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆಯುತ್ತದೆ. ಜೀವಕೋಶ ಉಪ್ಪನ್ನು ಹೊರದೂಡಿ, ತನ್ನೊಳಗೇ ಗ್ಲಿಸರಿನ್ ತಯಾರಿಸಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟೆಲ್ಲ ವ್ಯವಸ್ಥೆಗೆ ಅಲ್ಲಿ ಮೇಸ್ತ್ರಿ ಯಾರೂ ಇಲ್ಲ. ಸುಲಭಕ್ಕೆ ಹೊಗಳುವವಳಲ್ಲ ನಾನು, ಇಲ್ಲಿ ಸೋತೆ.

ದೊಡ್ಡಮ್ಮ ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದರು. "ಕೋಣೆ ಎಲ್ಲ ಉಂಟಲ್ಲ ಒಳಗೆ. ಈಗ ಹೇಳು, ತಿನ್ಲಿಕ್ಕೆ ಆಗ್ತದಾ ಇಲ್ವಾ?"

"ಅದು ಇದರಲ್ಲಿ ಕಾಣುದಿಲ್ಲ ದೊಡ್ಡಮ್ಮ."

"ಮತ್ತೆ ಎಂತಕ್ಕೆ ಹೊತ್ಕೊಂಡು ಬಂದದ್ದು?"

ಅವರೇ ಸೌಟಿನಿಂದ ಪೊರೆ ತೆಗೆದರು. ಒಂದು ಸೊಳೆ ಹಿಸುಕಿ, ಮೂಸಿ ನೋಡಿದರು. ಗಟ್ಟಿಯಿತ್ತು. ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡಿದರು. ಚೆಲ್ಲಿ ಅಂದವರೂ ಎರಡನೇ ಸಲ ಬಡಿಸಿಕೊಂಡರು.

ಸಂಜೆ ನಾನು ಹೊರಡುವಾಗ ದೊಡ್ಡಮ್ಮ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಮರವಿದ್ದ ಜಾಗ ಅಲ್ಲಿಂದ ಕಾಣುತ್ತಿತ್ತು. ಪೆಟ್ಟಿಗೆ ಎತ್ತಿಕೊಂಡು ಕೇಳಿದೆ:

"ಆ ಮರದ್ದು ತಿಂದು ಬೆಳೆದ ಜೀವ ಇದರಲ್ಲಿ ಉಂಟಲ್ಲ ದೊಡ್ಡಮ್ಮ. ಸೊಳೆ ಮುಗಿದ ಮೇಲೆ ಈ ಉಪ್ಪುನೀರನ್ನು ಚೆಲ್ಲುದಾ?"