ಚೆಲ್ಲಿದ ಕಾಳಿಗೆ ಬಾಣವಿಲ್ಲ

ಮಾಲಿನಂತೆ ಕೈಗೆತ್ತಿಕೊಂಡು ನೋಡಿದರೆ ಬಸವಕಲ್ಯಾಣದ ಮಹಾರುದ್ರಪ್ಪ ನೋಟಕ್ಕೆ ಕಡಿಮೆ, ಬಾಳಿಕೆಗೆ ಹೆಚ್ಚು: ಒಣಗಿದ ಮೈ, ಮಾಸಿದ ಟೊಪ್ಪಿಗೆ, ನಗುವುದಕ್ಕೂ ರಸೀದಿ ಕೇಳುವ ಮುಖ. ಸಾವಿರದ ಒಂಬೈನೂರ ಐವತ್ತಾರರಲ್ಲಿ, ನಿಜಾಮನ ಸೀಮೆ ಕನ್ನಡ ನಾಡಿಗೆ ಸೇರಿ ಉರ್ದು ಲೆಕ್ಕದ ಕಾಲ ಮುಗಿದು ಕನ್ನಡ ಬರೆಯುವವರು ಬೇಕಾದಾಗ, ರೈತರ ಕಾಳು ಮಾರಿಸಿಕೊಡುವ ಹುಮನಾಬಾದಿನ ಅಡತಿ ಅಂಗಡಿಗೆ ಮುನೀಮನಾಗಿ ಬಂದವನು ಅಲ್ಲೇ ಹಣ್ಣಾದ.

ಎಂಬತ್ತೇಳರಲ್ಲಿ ಸಾಹುಕಾರ ಬಸವಣಪ್ಪ ಕಂಪ್ಯೂಟರ್ ತರಿಸಿದ. ಅಂಗಡಿಯಲ್ಲಿ ಫ್ಯಾನಿನ ಗಾಳಿ ಅದಕ್ಕೊಂದಕ್ಕೇ. ಅದನ್ನು ಪಳಗಿಸಲು ಬಂದ ಸೈಫುದ್ದೀನ್ ದೊಡ್ಡ ಹಾಳೆ ಹಾಸಿ ನಡುವೆ ಗೆರೆ ಎಳೆದ. ಎಡಕ್ಕೆ ಚೌಕ ಚೌಕವಾಗಿ ವ್ಯಾಪಾರದ ಮನೆಗಳು: ರೈತ, ಮಾಲು, ತೂಕ, ಖರೀದಿದಾರ. ಬಲಕ್ಕೆ ಯಂತ್ರದೊಳಗೆ ಕಟ್ಟುವ ಮನೆಗಳು. ಎಡದಿಂದ ಬಲಕ್ಕೆ ಬಾಣ. ಬಾಣವಿಲ್ಲದ್ದು ಯಂತ್ರಕ್ಕೆ ತಿಳಿಯದು ಎಂದ. ಎಡಬದಿಯನ್ನು ಹೇಳಿ ಬರೆಸುವ ಕೆಲಸ ಮಹಾರುದ್ರಪ್ಪನದು.

ಅವನು ಎಲ್ಲ ಹೇಳಿದ, ಒಂದನ್ನು ಬಿಟ್ಟ. ಚೀಲ ತುಂಬುವಾಗ ಚೆಲ್ಲಿದ ಕಾಳು ಗುಡಿಸುವವಳ ಪಾಲು. ಘಾಟಬೋರಾಳದ ಜಿಜಾಬಾಯಿ ಅದನ್ನು ಉಡಿಯಲ್ಲಿ ಒಯ್ಯುತ್ತಿದ್ದಳು; ಅವಳ ಕೂಲಿ ಎಂದರೆ ಅದೇ. ಯಾರೂ ಎಂದೂ ಅದನ್ನು ಬರೆದಿರಲಿಲ್ಲ. ಬರೆದರೆ ಸಾಹುಕಾರನ ಕಣ್ಣು ಬೀಳುತ್ತದೆಂದು ಮುನೀಮ ಮೊದಲಿನಿಂದಲೂ ಆ ಕೊರತೆಯನ್ನು ಕಾಳು ಒಣಗಿದ್ದರ ಮೇಲೆ ಹಾಕುತ್ತಿದ್ದ. ಯಂತ್ರಕ್ಕೆ ಅಷ್ಟು ದಾಕ್ಷಿಣ್ಯವಿರಲಿಲ್ಲ. ಒಳಬಂದ ತೂಕಕ್ಕಿಂತ ಹೊರಹೋದದ್ದು ಕಮ್ಮಿ ಎಂದು ದಿನಾ ಅಚ್ಚು ಹಾಕಿ ಕೊಟ್ಟಿತು.

ಬಸವಣಪ್ಪ ಬಾಗಿಲಲ್ಲೇ ಜಿಜಾಬಾಯಿಯ ಉಡಿ ಬಿಚ್ಚಿಸಿದ. ಹಮಾಲರೆಲ್ಲರೆದುರು ಕಾಳು ಸುರಿಯಿತು.

“ಮುನೀಮರೆ, ನೀವರೆ ಹೇಳ್ರಿ,” ಎಂದಳು.

ಹಿಂದಿನಿಂದ ನಡೆದುಬಂದ ಪದ್ಧತಿ ಎಂದು ಮಹಾರುದ್ರಪ್ಪ ಹೇಳಿದ. ಬಸವಣಪ್ಪ ಗೋಡೆಗೆ ಅಂಟಿಸಿದ್ದ ಸೈಫುದ್ದೀನನ ಹಾಳೆ ತೋರಿಸಿದ.

“ಪದ್ಧತಿ ಇದ್ರ ಇದ್ರಾಗ ಯಾಕಿಲ್ಲ? ಬರೆಸಿದವ್ರು ನೀವ ಅಲ್ಲೇನ್ರಿ?”

ಇನ್ನೊಂದು ಮನೆ ಸೇರಿಸು ಎಂದು ಮಹಾರುದ್ರಪ್ಪ ಸೈಫುದ್ದೀನನಿಗೆ ದುಂಬಾಲು ಬಿದ್ದ.

“ಹಾಳಿ ಮ್ಯಾಲ ಈಗ ಬೇಕಾದ್ರ ಬರೀತೀನಿ ಕಾಕಾ. ಬಾಣ ಎಲ್ಲಿಗಿ ಎಳೀಲಿ? ಒಳಗ ಕಟ್ಟೋದು ಮುಗದದ. ಮತ್ತ ಕಟ್ಟಬೇಕಂದ್ರ ಸಾವಕಾರ್ರು ಹೂಂ ಅನ್ನಬೇಕು.”

ಸಾಹುಕಾರ ಹೂಂ ಅನ್ನಲಿಲ್ಲ. ಉಳಿಯುವ ಕಾಳಿನ ರುಚಿ ಅವನಿಗೆ ಆಗಲೇ ಹತ್ತಿತ್ತು. ಹಾಳೆಯ ಎಡಕ್ಕೆ ಒಂದು ಮನೆ ಬಂತು, ಬಾಣವಿಲ್ಲದೆ.

ಕಳ್ಳಿ ಎನಿಸಿಕೊಂಡ ಜಿಜಾಬಾಯಿಯನ್ನು ಬಜಾರಿನ ಬೇರೆ ಅಂಗಡಿಗಳೂ ಕರೆಯಲಿಲ್ಲ. ಮಹಾರುದ್ರಪ್ಪ ಕೆಲಸ ಬಿಟ್ಟ. ಬಸವಕಲ್ಯಾಣಕ್ಕೆ ಮರಳುವ ಮುಂಚೆ ಘಾಟಬೋರಾಳಕ್ಕೆ ಹೋಗಿ ಅವಳ ಬಾಗಿಲಲ್ಲಿ ನಿಂತ. ನೀರು ಕೊಟ್ಟಳು, ಕೂತುಕೊಳ್ಳಿ ಎನ್ನಲಿಲ್ಲ. ಅವನು ಕುಡಿದು, ತಂಬಿಗೆ ಕಟ್ಟೆಯ ಮೇಲಿಟ್ಟು ಬಂದ.

ಆ ಅಂಗಡಿಯಲ್ಲಿ ಆಗ ಕೆಲಸದ ಹುಡುಗನಾಗಿದ್ದ ನನಗೆ ವ್ಯಾಪಾರ ಕಲಿಸಿದವನು ಮಹಾರುದ್ರಪ್ಪ. ನಾನು ಸ್ವಂತ ಅಂಗಡಿಯಲ್ಲಿ ಕುಳಿತಿರುವುದು ಅವನಿಂದ.